ಮಗಳ ಸೈಕಲ್ಲಿಗೆ ಮನೂಸೊಸ್ ಕಟ್ಟಿದ ಗಂಟೆ

ನನ್ನ ಮೈದುನ ಮನೂಸೊಸ್ ಕಣ್ಣಿಗಿಂತ ಕಿವಿಯನ್ನೇ ಹೆಚ್ಚು ನಂಬುವ ಮನುಷ್ಯ. ಅವನು ಮೇಕೆಗಂಟೆ ಕೊಳ್ಳಲು ಹೋದನೆಂದರೆ ಅಂಗಡಿಯವನು ಮಧ್ಯಾಹ್ನದ ಊಟದ ಆಸೆ ಬಿಡಬೇಕು. ಒಂದೊಂದೇ ಗಂಟೆಯನ್ನು ಎತ್ತಿ, ಬೆರಳ ಗೆಣ್ಣಿನಿಂದ ತಟ್ಟಿ, ಕಣ್ಣು ಮುಚ್ಚಿ ಕೇಳುತ್ತಾನೆ. "ಇದಕ್ಕೆ ನೆಗಡಿ" ಎಂದು ಒಂದನ್ನು ಬದಿಗಿಡುತ್ತಾನೆ. "ಇದು ಹೊಸ ಸೊಸೆ, ಬಾಯೇ ಬಿಡ್ತಿಲ್ಲ" ಎಂದು ಇನ್ನೊಂದನ್ನು. ಮಂದೆಯ ಗಂಟೆಗಳೆಲ್ಲ ಒಂದಕ್ಕೊಂದು ಹೊಂದಿ ನುಡಿಯಬೇಕು. ಕ್ರೀಟಿನ ಈ ತೆಂಕಣ ಬೆಟ್ಟಗಳಲ್ಲಿ ಮಂದೆ ಯಾರದೆಂದು ನೋಡಿ ಹೇಳುವುದಿಲ್ಲ, ಕೇಳಿ ಹೇಳುತ್ತೇವೆ.

ಅವನ ಹೆಂಡತಿ ಬೇಗ ಹೋದಳು. ಆಮೇಲೆ ನನ್ನ ಗಂಡನೂ ಹೋದ. ಅಂದಿನಿಂದ ಮನೂಸೊಸ್, ಅವನ ಮಗಳು ಅನೆಜೀನಾ, ನಾನು, ಮೂವರಿಗೂ ಒಂದೇ ಒಲೆ. ಹುಡುಗಿ ದೊಡ್ಡವಳಾಗಿ ಕಡಲ ದಂಡೆಯ ಹೋಟೆಲಿಗೆ ಕೆಲಸಕ್ಕೆ ಇಳಿದಳು. ಊರೂರಿನವರು ಮಲಗಿ ಎದ್ದ ಹಾಸಿಗೆಯ ಬಟ್ಟೆ ಬದಲಿಸುವುದೇ ಅವಳ ದಿನಚರಿಯಾಯಿತು. ಬೇಸಿಗೆ ಮುಗಿದು ಮನೆಗೆ ಬಂದಾಗ ಕೈಗಳಿಂದ ಸೋಪಿನ ವಾಸನೆ ಹೋಗುತ್ತಿರಲಿಲ್ಲ.

ಆ ಹೋಟೆಲಿನ ಹಿತ್ತಲಿನಲ್ಲಿ ಯಾರೋ ಪರದೇಶದವರು ಕೆಟ್ಟಿತೆಂದು ಬಿಟ್ಟುಹೋದ ಸೈಕಲ್ ಒಂದಿತ್ತು. ಚಕ್ರ ದಪ್ಪ, ಹಿಡಿ ಹೋತದ ಕೊಂಬಿನ ಹಾಗೆ ಬಾಗಿದ್ದು. ಅದನ್ನು ಸರಿಮಾಡಿಕೊಂಡು ಒಂದು ಭಾನುವಾರ ನಮ್ಮ ಕಲ್ಲುದಾರಿಯಲ್ಲಿ ತುಳಿಯುತ್ತ ಮೇಲೂರಿಗೇ ಬಂದುಬಿಟ್ಟಳು. ಮುಖ ದಾಳಿಂಬೆಯಂತಾಗಿತ್ತು. "ದೊಡ್ಡಮ್ಮ, ನೀರು" ಎಂದಳು, ಹೊಸ್ತಿಲಲ್ಲೇ ಕೂತಳು, ನಗತೊಡಗಿದಳು. ಅವಳು ಹಾಗೆ ನಕ್ಕದ್ದನ್ನು ನಾನು ಎಷ್ಟೋ ಕಾಲದಿಂದ ಕೇಳಿರಲಿಲ್ಲ.

ಮರುವರ್ಷ ಹೋಟೆಲ್ ಬಿಟ್ಟಳು. ಕೂಡಿಟ್ಟದ್ದನ್ನೆಲ್ಲ ಹಳೆಯ ಸೈಕಲ್ಲುಗಳಿಗೆ ಹಾಕಿದಳು. ಪ್ರವಾಸಿಗಳನ್ನು ಬೆಟ್ಟದ ಮೇಲಿನ ಬಯಲಿಗೆ ಕರೆತಂದು, ಅಲ್ಲಿಂದ ಜಲ್ಲಿಹಾದಿಯಲ್ಲಿ ಕಡಲಿನವರೆಗೆ ಸೈಕಲ್ಲಿನಲ್ಲಿ ಇಳಿಸುವುದು ಅವಳ ಹೊಸ ಕಸುಬು. ನಡುವೆ ನನ್ನ ಮನೆಯಲ್ಲಿ ಊಟ: ಒಣಗಿಸಿದ ಬಾರ್ಲಿ ರೊಟ್ಟಿ, ಬೆಟ್ಟದ ಸೊಪ್ಪು, ಮನೂಸೊಸ್ ಮೇಕೆಹಾಲು ಒಡೆಸಿ ಮಾಡುವ ಗಿಣ್ಣು. ಡಾಂಬರಿಗಾಗಿ ನಾವು ಅರ್ಜಿ ಬರೆದು ಬರೆದು ಸೋತಿದ್ದ ರಸ್ತೆ ಅದು. ಡಾಂಬರಿಲ್ಲವೆಂದೇ ಜನ ಅದನ್ನು ಹುಡುಕಿಕೊಂಡು ಬಂದರು.

ಹೀಗಿರುವಾಗ ಒಂದು ಮೇಕೆ ಕಮರಿಗೆ ಬಿತ್ತು.

ಜೀಪು ಬಂದರೆ ಮೇಕೆಗಳಿಗೆ ದೂರದಿಂದಲೇ ಗೊತ್ತಾಗುತ್ತದೆ. ಇಳಿಜಾರಿನಲ್ಲಿ ಸೈಕಲ್ಲಿಗೆ ಸದ್ದಿಲ್ಲ. ತಿರುವಿನಲ್ಲಿ ತಟ್ಟನೆ ಎದುರಾದ ಸವಾರನನ್ನು ಕಂಡು ಬೆದರಿದ ಹೆಣ್ಣುಮೇಕೆ ಅಂಚಿನಿಂದಾಚೆಗೆ ಹಾರಿತು. ಗಬ್ಬದ ಮೇಕೆ. ಮನೂಸೊಸ್ ಅದರ ಹೆಣವನ್ನು ಹೆಗಲ ಮೇಲೆ ಹೊತ್ತು ತಂದ. ಸಂಜೆ ತನ್ನ ಮೇವುಗಾಡಿನ ಗೇಟಿಗೆ ಸರಪಳಿ ಬಿಗಿದು ಬೀಗ ಹಾಕಿದ. ಕಡಲಿಗೆ ಇಳಿಯುವ ಹಾದಿ ಆ ಗೇಟಿನ ಮೂಲಕವೇ ಹೋಗುತ್ತದೆ. ಅದು ಮುಚ್ಚಿತೆಂದರೆ ಅನೆಜೀನಾಳ ಕಸುಬೂ ಮುಚ್ಚಿದಂತೆ. ಮತ್ತೆ ಹೋಟೆಲು, ಮತ್ತೆ ಹಾಸಿಗೆಬಟ್ಟೆ.

ಅಪ್ಪ ಮಗಳ ಮಾತು ನಿಂತಿತು. ಊಟಕ್ಕೆ ಮಾತ್ರ ಇಬ್ಬರೂ ನನ್ನ ಮೇಜಿಗೇ ಬರಬೇಕಲ್ಲ. ಎದುರುಬದುರು ಕೂತು ನನ್ನನ್ನು ಅಂಚೆಯವಳನ್ನಾಗಿ ಮಾಡಿಕೊಂಡರು.

"ಅತ್ತಿಗೆ, ನಿನ್ನ ಮಗಳಿಗೆ ಉಪ್ಪು ಈ ಕಡೆ ತಳ್ಳು ಅನ್ನು."

"ದೊಡ್ಡಮ್ಮ, ನಿನ್ನ ಮೈದುನಂಗೆ ಹೇಳು, ಉಪ್ಪಿಗೆ ಬೀಗ ಹಾಕಿಲ್ಲ, ಅವರೇ ತಗೋಬಹುದು."

"ನೋಡ್ದ್ಯಾ ನಾಲಿಗೆ! ಸೈಕಲ್ಲಿಗೂ ಇಷ್ಟೇ ಬಾಯಿ ಇದ್ದಿದ್ರೆ ನನ್ನ ಮೇಕೆ ಉಳೀತಿತ್ತು. ಬೆಟ್ಟದಲ್ಲಿ ಸದ್ದಿಲ್ದೆ ಬರೋದು ಎರಡೇ. ಒಂದು ಹದ್ದು, ಇನ್ನೊಂದು ಕಳ್ಳ."

"ಹಾಗಾದ್ರೆ ಬಾಯಿ ಕೊಡಪ್ಪ ಅದಕ್ಕೆ," ಎಂದೆ ನಾನು, ಇಬ್ಬರ ಮೇಲೂ ರೇಗಿ. "ಮನೆ ತುಂಬ ಗಂಟೆ ನೇತುಹಾಕ್ಕೊಂಡಿದ್ದೀಯ."

ರೊಟ್ಟಿಯನ್ನು ಎಣ್ಣೆಯಲ್ಲಿ ಅದ್ದಿದವನು ಬಾಯಿಗಿಡುವುದನ್ನೇ ಮರೆತ.

ಮರುದಿನ ಬೆಳಿಗ್ಗೆ ನೋಡಿದರೆ ಸೈಕಲ್ಲುಗಳ ಸಾಲಿನ ಮುಂದೆ ಮೊಣಕಾಲೂರಿ ಕೂತಿದ್ದ. ಒಂದೊಂದರ ಹಿಡಿಗೂ ಚರ್ಮದ ಪಟ್ಟಿಯಲ್ಲಿ ಒಂದೊಂದು ಗಂಟೆ ಬಿಗಿಯುತ್ತಿದ್ದ. ಮಗಳ ಸೈಕಲ್ಲಿಗೆ ಕಟ್ಟಿದ್ದು ಎಲ್ಲಕ್ಕಿಂತ ದೊಡ್ಡದು, ಗಂಭೀರ ದನಿಯದು. ಮಂದೆಯ ಮುಂದಾಳಾಗಿದ್ದ ಬೀಜ ಒಡೆದ ಹೋತದ ಕೊರಳಲ್ಲಿ ವರ್ಷಗಟ್ಟಲೆ ನುಡಿದ ಗಂಟೆ. ಆ ಹೋತ ಚಳಿಗಾಲದಲ್ಲಿ ಸತ್ತಿತ್ತು. ಅದರ ಜಾಗಕ್ಕೆ ಯೋಗ್ಯ ಮೇಕೆ ಸಿಕ್ಕಿಲ್ಲವೆಂದು ಗಂಟೆಯನ್ನು ಮೊಳೆಗೆ ತೂಗುಹಾಕಿದ್ದ.

"ಅತ್ತಿಗೆ, ಅವಳಿಗೆ ಹೇಳು, ಇವತ್ತೊಂದಿನ ಗೇಟು ತೆಗೀತೀನಿ. ಒಂದೇ ಒಂದು ಮೇಕೆ ಕಾಣೆಯಾದ್ರೂ ಸರಪಳಿ ಮತ್ತೆ ಬೀಳುತ್ತೆ. ಆಮೇಲೆ ನನ್ನ ಕೇಳಬಾರದು."

ಅನೆಜೀನಾ ಗಂಟೆಯನ್ನು ಮುಟ್ಟಿ ನೋಡಿದಳು. ಸವಾರರನ್ನು ಕರೆದುಕೊಂಡು ಹೊರಟಳು.

ಮೇಕೆಯ ವಿಷಯದಲ್ಲಿ ಮನೂಸೊಸನಿಗೆ ತಿಳಿಯದ್ದಿಲ್ಲ. ಆದರೆ ಆ ಬೆಳಿಗ್ಗೆ ಅವನು ಯೋಚಿಸುತ್ತಿದ್ದದ್ದು ಮಗಳನ್ನು ಮಾತ್ರ. ತನ್ನಲ್ಲಿದ್ದ ಅತ್ಯುತ್ತಮವಾದದ್ದನ್ನು ಅವಳಿಗೆ ಕೊಟ್ಟ, ಗಿಣ್ಣಿನ ಗುಡಿಸಲಿಗೆ ಹೋಗಿ ಕಡಾಯಿಯ ಮುಂದೆ ಕೂತ. ಹಾಲು ಒಲೆಯ ಮೇಲಿದ್ದಾಗ ಅವನು ಏಳುವವನಲ್ಲ. ಗಿಣ್ಣು ಬಟ್ಟೆಗೆ ಬಿದ್ದ ಮೇಲೆ ಹೊರಗೆ ಬಂದರೆ ಬೆಟ್ಟ ಮೂಕವಾಗಿತ್ತು. ಒಂದು ಗಂಟೆಯ ಸದ್ದೂ ಇಲ್ಲ.

ನಮ್ಮ ಕಡೆಯವರಿಗೆ ಮಂದೆ ಕಾಣದಿದ್ದರೆ ಮೊದಲು ತೋಚುವುದು ಒಂದೇ. ಓಡಿ ಬಂದು ನನ್ನ ಫೋನು ಕಿತ್ತುಕೊಂಡು ಪಕ್ಕದ ಕಣಿವೆಯ ಕೊಸ್ಮಾಸನಿಗೆ ಹಚ್ಚಿದ. ಆ ಮನೆತನಕ್ಕೂ ನಮ್ಮದಕ್ಕೂ ಅಜ್ಜಂದಿರ ಕಾಲದಿಂದ ಮೇಕೆ ಕದ್ದ ಲೆಕ್ಕವಿದೆ.

"ಲೋ ಕೊಸ್ಮಾ! ಮರ್ಯಾದೆಯಿಂದ ನನ್ನ ಮಂದೆ ವಾಪಸ್ ಬಿಡು!"

ಕೊಸ್ಮಾಸನ ಗಂಟಲು ದೊಡ್ಡದು, ನನಗೂ ಕೇಳಿತು. "ಏನಯ್ಯಾ, ಪೂರ್ತಿ ಮಂದೇನಾ? ಹಗಲು ಹೊತ್ತಲ್ಲಾ? ನನ್ನ ಸೊಂಟ ನೋಡಿದ್ದೀಯಾ ನೀನು? ಚಪ್ಪಲಿ ಹಾಕ್ಕೊಳಕ್ಕೇ ಹೆಂಡ್ತಿ ಬೇಕು ನಂಗೆ!"

ಅವನು ಇಟ್ಟ ಕೂಡಲೇ ಫೋನು ಬಡಿದುಕೊಂಡಿತು, ಈ ಸಲ ನಾನೇ ಎತ್ತಿದೆ. ಕೆಳಗಿನ ಬಂದರಿನ ಪಾದ್ರಿ ಯೆರಾಸಿಮೊಸ್.

"ತಾಯಿ, ನಿನ್ನ ಮೈದುನನ ಮೇಕೆಗಳು ಪ್ರಾರ್ಥನೆಗೆ ಬಂದಿವೆ. ದ್ರಾಕ್ಷಿಬಳ್ಳಿ ತಿಂದಾಯ್ತು, ಈಗ ನನ್ನ ಗಡ್ಡ ನೋಡ್ತಿವೆ. ಬೇಗ ಏನಾದ್ರೂ ಮಾಡು."

ಅನೆಜೀನಾ ಹಾದುಹೋದಾಗ ಮಂದೆ ದಾರಿಯ ಮೇಲ್ಗಡೆ ಮೇಯುತ್ತಿತ್ತಂತೆ. ಸತ್ತ ಮುಂದಾಳಿನ ದನಿ ಕಿವಿಗೆ ಬಿದ್ದದ್ದೇ ತಡ, ತಲೆ ಎತ್ತಿದವು, ಹಿಂದೆಯೇ ಹೊರಟವು. ಇವಳು ನಿಂತರೆ ಅವೂ ನಿಲ್ಲುತ್ತವೆ, ಹೊರಟರೆ ಅವೂ ಹೊರಡುತ್ತವೆ. ಕಿರಿದಾದ ಹಾದಿಯಲ್ಲಿ ತಿರುಗಿಸಲು ಜಾಗವಿಲ್ಲ. ಕಡಲ ತನಕ ಮೆರವಣಿಗೆ.

ನನ್ನ ಪಕ್ಕದಲ್ಲೇ ಕಿವಿಗೊಟ್ಟು ನಿಂತಿದ್ದ ಮನೂಸೊಸ್ ನೇರವಾಗಿ ಗೇಟಿಗೆ ನಡೆದ. ಸರಪಳಿ ಸುತ್ತಿದ, ಬೀಗ ಒತ್ತಿದ, ಕಲ್ಲಿನ ಮೇಲೆ ಕೂತ. ತಪ್ಪು ತನ್ನದೇ ಎಂದು ಅವನಿಗೆ ತಿಳಿದಿತ್ತು, ಅದಕ್ಕೇ ಸಿಟ್ಟು ಇನ್ನೂ ಹೆಚ್ಚು. ನಾನು ರೊಟ್ಟಿಯ ಗಂಟು ಹಿಡಿದು ಹೋಗಿ ಪಕ್ಕದಲ್ಲಿ ಕೂತೆ.

ಬಂದರಿನವರು ಮೇಕೆ ಸಾಗಿಸಲು ಲಾರಿ ಕೊಡುತ್ತೇವೆಂದರಂತೆ. "ನಾನೇ ಇಳಿಸ್ಕೊಂಡು ಬಂದೆ, ನಾನೇ ಹತ್ತಿಸ್ತೀನಿ" ಎಂದಳಂತೆ ಹುಡುಗಿ. ಬೇರೆ ಸವಾರರು ಮಂದೆಯ ಹಿಂದೆ ನಾಯಿಗಳಂತೆ ಕಾವಲು ಬಂದರು.

ಬಿಸಿಲು ಓರೆಯಾದಾಗ ಮನೂಸೊಸ್ ಕತ್ತು ನಿಮಿರಿಸಿದ. ನನಗೆ ಇನ್ನೂ ಏನೂ ಕೇಳಿಸುತ್ತಿರಲಿಲ್ಲ.

"ಇಳಿದಿಲ್ಲ" ಎಂದ.

"ಏನು ಇಳಿದಿಲ್ಲ?"

"ಹುಡುಗಿ. ಸೈಕಲ್ಲಿಂದ ಇಳಿದಿಲ್ಲ. ಇಳಿದು ತಳ್ಳಿದ್ರೆ ಗಂಟೆ ತೂಕಡಿಸುತ್ತೆ. ಇದು ತುಳೀತಿರೋ ಸದ್ದು. ಎಡಗಾಲು, ಬಲಗಾಲು. ಕೇಳು."

ಕೇಳಿತು. ಧೂಳಿನೊಳಗಿಂದ, ಒಂದೊಂದೇ ತಿರುವು ಮೇಲೇರುತ್ತ, ಆ ಗಂಭೀರ ದನಿ. ಅದರ ಹಿಂದೆ ಇಡೀ ಮಂದೆಯ ಕಿಲಕಿಲ. ಕೊನೆಯ ತಿರುವು ಬಲು ಕಡಿದು, ಕತ್ತೆಗಳೂ ಅಲ್ಲಿ ನಿಂತು ಯೋಚಿಸುತ್ತವೆ. ಅಲ್ಲಿ ಗಂಟೆ ನಿಂತಿತು. ಮನೂಸೊಸ್ ಎದ್ದು ನಿಂತ. "ಕಲ್ಲು ಸಡಿಲ ಅಲ್ಲಿ," ಎಂದು ತನಗೇ ಹೇಳಿಕೊಂಡ, "ಒಳಗಡೆಯಿಂದ ಬಾ, ಒಳಗಡೆಯಿಂದ." ಅವನ ಕಾಲ್ಬೆರಳುಗಳು ಬೂಟಿನೊಳಗೇ ತುಳಿಯುತ್ತಿದ್ದವೋ ಏನೋ.

ಗಂಟೆ ಮತ್ತೆ ನುಡಿಯಿತು.

ಜೇಬಿನಿಂದ ಬೀಗದ ಕೈ ತೆಗೆದ. ಸರಪಳಿ ನೆಲಕ್ಕೆ ಬಿತ್ತು. ಗೇಟನ್ನು ಹಿಂದಕ್ಕೆ ತಳ್ಳಿ, ಮುಂದಾಳಿಗೆ ದಾರಿ ಬಿಡುವ ಕುರಿಗಾಹಿಯಂತೆ ಪಕ್ಕಕ್ಕೆ ಸರಿದು ನಿಂತ. ಅವಳು ತುಳಿಯುತ್ತಲೇ ಒಳಗೆ ಬಂದಳು. ಹಿಂದೆ ಬಂದ ಒಂದೊಂದು ಮೇಕೆಯ ಬೆನ್ನಿಗೂ ಅವನ ಕೈ ತಾಕಿತು. ಒಂದೂ ಕಡಿಮೆಯಾಗಿರಲಿಲ್ಲ. ಕೊನೆಯದರ ಬಾಯಲ್ಲಿ ಪಾದ್ರಿಯ ದ್ರಾಕ್ಷಿ ಎಲೆ ಇತ್ತು.

"ಆ ಗಂಟೆ ಬಿಚ್ಚು" ಎಂದ ಮಗಳ ಮುಖ ನೋಡಿ.

ಉಸಿರು ಬಿಡುತ್ತ ಸೈಕಲ್ಲಿಗೆ ಒರಗಿದ್ದ ಅವಳು ನನ್ನ ಕಡೆ ತಿರುಗಿದಳು. "ದೊಡ್ಡಮ್ಮ, ನಿನ್ನ ಮೈದುನಂಗೆ ಹೇಳು—"

"ನಂಗೇ ಹೇಳೇ, ಕಿವಿ ನೆಟ್ಟಗಿದೆ. ನಾಳೆ ಬೇರೆ ಗಂಟೆ ತರೋಣ. ಯಾವ ಮಂದೆಗೂ ಸೇರದ್ದು. ನೀನೂ ಬಾ, ಆರಿಸೋದು ಕಲಿ."

ಸರಪಳಿ ಮತ್ತೆ ಗೇಟಿಗೆ ಹತ್ತಲಿಲ್ಲ. ದೊಡ್ಡ ಗಂಟೆ ಹೊಸ ಹೋತವೊಂದರ ಕೊರಳಿಗೆ ಹೋಯಿತು. ಈಗ ಸವಾರರು ಬಂದರೆ ಗೇಟಿನ ಕಲ್ಲಿನ ಮೇಲೆ ಕೂತ ಮನೂಸೊಸ್ ಕಣ್ಣು ಮುಚ್ಚಿ ಹೇಳುತ್ತಾನೆ: "ಮೂರನೆಯವನು ಬ್ರೇಕು ಜಾಸ್ತಿ ಹಿಡೀತಾನೆ. ಅತ್ತಿಗೆ, ಅವನಿಗೆ ಸ್ವಲ್ಪ ಹೆಚ್ಚು ಬಡಿಸು, ಹೆದರಿದ್ದಾನೆ."

ಕೊಸ್ಮಾಸ್ ಆ ವಾರವೇ ಫೋನು ಮಾಡಿದ್ದ. ಅವನಿಗೆ ಬೇಕಾಗಿದ್ದದ್ದು ಮನೂಸೊಸ್ ಅಲ್ಲ, ಅನೆಜೀನಾ.

"ಮಗಳೇ, ನಂಗೂ ಒಂದು ಸೈಕಲ್ ನೋಡು. ನಿಮ್ಮಪ್ಪನ ಮಂದೆ ಹೊಡ್ಕೊಂಡು ಹೋಗೋದು ಇಷ್ಟು ಸುಲಭ ಅಂತ ನಮ್ಮ ತಾತಂಗೆ ಗೊತ್ತೇ ಇರ್ಲಿಲ್ಲ."