ಕಿಟಕಿ ತೆರೆಯುವ ನರ್ಸಮ್ಮ

ನಮ್ಮ ಓಣಿಯ ನರ್ಸಮ್ಮ ಯಾರ ಮನೆಗೆ ಬಂದರೂ ಕೂಡ್ರುವ ಮೊದಲು ಕಿಟಕಿ ತೆರೆಯುತ್ತಿದ್ದಳು. "ಮೊದಲು ಗಾಳಿ, ಆಮ್ಯಾಲೆ ಚಹಾ" ಎನ್ನುವುದು ಆಕೆಯ ಮಾತು. ಮಾನ್ವಿಯಲ್ಲಿ ನಾವೆಲ್ಲ ಅದಕ್ಕೆ ನಗುತ್ತಿದ್ದೆವು.

ನನ್ನ ಮಗಳ ಬಾಣಂತನ. ನೀರೆರೆದ ಮೇಲೆ ತಾಯಿಗೂ ಕೂಸಿಗೂ ಗಾಳಿ ಬಡಿಯಬಾರದೆಂದು ನಾನೇ ಕಿಟಕಿಯ ಸಂದಿಗೆ ಹಳೆಯ ಸೀರೆ ತುರುಕಿ, ಹೊರಸಿನ ಕೆಳಗೆ ಇದ್ದಿಲ ಕೆಂಡದ ಶೆಗಡಿ ಇಟ್ಟು, ಬಾಗಿಲು ಮುಚ್ಚಿದೆ. ಹೊಗೆಯಿರಲಿಲ್ಲ, ವಾಸನೆಯಿರಲಿಲ್ಲ. ತಲೆನೋವು ಎನ್ನುತ್ತಿದ್ದ ಮಗಳು ಸುಮ್ಮನಾದಳು. ಕೂಸೂ ಅಳಲಿಲ್ಲ. ಎಂಥ ಸುಖನಿದ್ದೆ ಎಂದು ಹಿಗ್ಗಿ, ಹೊರಗೆ ತುದಿಗಾಲಲ್ಲಿ ಓಡಾಡಿದೆ.

ಕೂಸು ನೋಡಲು ಬಂದ ನರ್ಸಮ್ಮ, "ಯವ್ವಾ, ಮನಿ ಯಾಕ ಇಷ್ಟು ಸುಮ್ಮನದ?" ಎಂದವಳೇ ಬಾಗಿಲು ದೂಡಿ ಇಬ್ಬರನ್ನೂ ಅಂಗಳಕ್ಕೆ ಎಳೆದು ತಂದಳು. ಮಗಳು ಕಣ್ಣು ತೆರೆದರೂ ನನ್ನ ಗುರುತು ಹಿಡಿಯಲಿಲ್ಲ.

ರಾಯಚೂರಿನ ಆಸ್ಪತ್ರೆಯಲ್ಲಿ ರಕ್ತದ ಆಕ್ಸಿಜನ್ ಅಳೆಯಲು ಮಗಳ ಬೆರಳಿಗೆ ಸಿಕ್ಕಿಸಿದ ಯಂತ್ರ ನೂರಕ್ಕೆ ತೊಂಬತ್ತೊಂಬತ್ತು ತೋರಿಸಿತು.

"ಎಲ್ಲಾ ಚಲೋ ಅದಲ್ಲ!" ಎಂದೆ.

"ಅದು ಸುಳ್ಳು ಹೇಳತದ, ಯವ್ವಾ," ಎಂದಳು ನರ್ಸಮ್ಮ. "ಕೆಂಡದ ವಿಷ ರಕ್ತದಾಗ ಗಾಳಿ ಜಾಗ ಹಿಡದದ. ಯಂತ್ರಕ್ಕ ಎರಡೂ ಒಂದ."

ತಾಸುಗಟ್ಟಲೆ ಇಬ್ಬರ ಮುಖಕ್ಕೂ ಆಕ್ಸಿಜನ್ ಹಾಕಿದರು. ಆ ವಿಷವನ್ನು ಅದೇ ಹೊರದೂಡುತ್ತದಂತೆ. ಸಂಜೆ ಮಗಳು "ಯವ್ವಾ" ಎಂದಳು, ಕೂಸು ಕಿಟಾರನೆ ಚೀರಿತು. "ಈಗ ಚಹಾ ಹೇಳ್ರಿ," ಎಂದಳು ನರ್ಸಮ್ಮ.

ಆಕೆಗೆ ದೇವದುರ್ಗಕ್ಕೆ ವರ್ಗವಾಯಿತು. ನನ್ನ ಬಂಗಾರದಂಥ ಮೊಮ್ಮಗಳು ಈಗ ಮನೆತುಂಬ ಓಡುತ್ತಾಳೆ. ಮಿಸುಕದೆ ಬಹಳ ಹೊತ್ತು ಮಲಗಿದರೆ ಮಾತ್ರ ನಾನು ಚಿವುಟಿ ಎಬ್ಬಿಸುತ್ತೇನೆ. ಅವಳು ಅಳುತ್ತಾಳೆ, ಮಗಳು ಬೈಯುತ್ತಾಳೆ. ನಾನು ಕಿಟಕಿ ತೆರೆದು ನಗುತ್ತೇನೆ.