ಹೊಸ ಖಂಡ ಮತ್ತು ನನ್ನ ಮುಂದಿನ ರೂಮು

ಐವತ್ತು ಹತ್ರ ಬಂತು, ಇನ್ನೂ ಕಂಪ್ಯೂಟರ್ ಗೇಮ್ ಆಡ್ತೀನಿ. ನಗೋರು ನಕ್ಕೊಳ್ಳಿ. ಅದೂ ಈಗಿನ ಢಂ ಢಮಾರ್ ಗೇಮ್ ಅಲ್ಲ, ಹಳೇ ಕಾಲದ್ದು. ಒಂದು ಹಡಗು, ಎದುರಿಗೆ ಕಪ್ಪಗೆ ಮುಚ್ಕೊಂಡಿರೋ ಹೊಸ ಖಂಡ. ದಡಕ್ಕೆ ಇಳಿ, ಊರು ಕಟ್ಟು, ಹತ್ತಿ ಬೆಳೆಸು, ಒಬ್ಬ ನೇಕಾರನ್ನ ಕೂರ್ಸು, ಬಟ್ಟೆ ಹಡಗಿಗೆ ತುಂಬಿ ರಾಜನ ದೇಶಕ್ಕೆ ಕಳ್ಸು. ರಾಜ ತೆರಿಗೆ ಏರಿಸ್ತಾನೇ ಇರ್ತಾನೆ. ಉರಿ ತಡೀದೆ ಒಂದಿನ ಅವನ ಮೇಲೇ ಯುದ್ಧ. ಇಷ್ಟೇ ಆಟ.

ಚಳ್ಳಕೆರೆ ಮನೇಲಿ ಮುಂದಿನ ರೂಮು ನಂದು. ಕಿಟಕಿ ತೆಗೆದ್ರೆ ಎಣ್ಣೆ ಮಿಲ್ಲಿನ ಶೇಂಗಾ ಹಿಂಡಿ ವಾಸ್ನೆ, ಮೂಲೇಲಿ ಕಂಪ್ಯೂಟರ್. ಇನ್ನೇನು ಬೇಕು?

ಹೆಂಡ್ತಿ ಮೊಳಕಾಲ್ಮೂರಿನೋಳು, ರೇಷ್ಮೆ ಸೀರೆ ನೇಯೋ ತೆಲುಗು ಮನೆಯೋಳು. ಮದ್ವೆ ಆದ್ಮೇಲೂ ಮಗ್ಗ ಬಿಟ್ಟಿಲ್ಲ. ಆಗಾಗ ತವರಿಗೆ ಹೋಗಿ, ಉಳ್ಕೊಂಡು ನೇಯ್ದು ಬರ್ತಾಳೆ. ಈ ವರ್ಷ ಬಾಮೈದ ಆ ಮನೆ ಕೆಡವಿ ಹೊಸದು ಕಟ್ಟಿಸ್ತೀನಿ ಅಂದ. ಹೊಸ ಮನೇಲಿ ಮಗ್ಗಕ್ಕೆ ಜಾಗ ಇಲ್ಲ. ಬೇರೆ ಜಾಗ ಸಿಗದಿದ್ರೆ ಬಿಚ್ಚಿ ಯಾರಿಗಾದ್ರೂ ಕೊಟ್ಬಿಡೋದು. ಅಲ್ಲಿಗೆ ಇವಳ ನೇಯ್ಗೆ ಮುಗೀತು.

"ನಮ್ಮ ಮುಂದಿನ ರೂಮಿಗೆ ತರಣ," ಅಂದ್ಲು.

"ನೆಲ ಅಗಿಬೇಕಲ್ಲೇ! ಟೈಲ್ಸ್ ಹಾಕ್ಸಿದೀನಿ!"

"ಅಗಿಯಣ. ಮಗ್ಗದ ಕೆಳಗೆ ಕಾಲು ಇಳಿಬಿಡೋಕೆ ಗುಂಡಿ ಬೇಕಲ್ಲ. ನನ್ನ ಕಾಲು ಕತ್ತರಿಸ್ಕೊಳ್ಳಲಾ?"

"ಮತ್ತೆ ನನ್ನ ಕಂಪ್ಯೂಟರ್ರು?"

"ನಿಮ್ಮ ನೇಕಾರ ಆ ಡಬ್ಬಿ ಒಳಗೆ ಕೂತವ್ನೆ. ಅವನಿಗೆ ಅಡುಗೆಮನೆ ಮೂಲೇನೂ ಆಗುತ್ತೆ."

ಆಗಲ್ಲ ಅಂದೆ. ಅವಳು ಎದ್ದು ಪಾತ್ರೆ ತೊಳೆಯೋಕೆ ಹೋದ್ಲು. ಬೈದಿದ್ರೆ ಎಷ್ಟೋ ವಾಸಿ ಇತ್ತು. ಆಮೇಲೆ ಆಡೋಕೆ ಕೂತ್ರೆ ಮನಸ್ಸು ನಿಲ್ಲಲ್ಲ. ಎದ್ದು ಟೈಲ್ಸ್ ನೋಡ್ತೀನಿ, ಹಡಗು ಬಿಡ್ತೀನಿ, ಮತ್ತೆ ಏಳ್ತೀನಿ. ಇಷ್ಟು ವರ್ಷ ಬೇರೆಯೋರ ದಡಕ್ಕೆ ಸಲೀಸಾಗಿ ಇಳಿತಿದ್ದೋನು ನಾನು. ನನ್ನ ದಡಕ್ಕೆ ಹಡಗು ಬಂದಾಗ ಮಾತ್ರ ಟೈಲ್ಸ್ ಎಣಿಸ್ತಾ ಕೂತೆ.

ಮಗ್ಗ ಬಿಚ್ಚೋಕೆ ಮುಂಚೆ ಅದ್ರ ಮೇಲಿದ್ದ ಸೀರೆ ಮುಗಿಸ್ಬೇಕಿತ್ತು. ಭಾನುವಾರ ನಾನೂ ಜೊತೆಗೆ ಹೋದೆ. ಇವಳು ಗುಂಡಿಗೆ ಕಾಲು ಬಿಟ್ಟು ಕೂತ್ಲು, ಪಕ್ಕದಲ್ಲಿ ಅತ್ತೆ ರಾಟೆ ಮುಂದೆ ನೂಲು ಸುತ್ತುತಿದ್ರು. ಯಾರೂ ನನ್ನ ಜೊತೆ ಮಾತಿಲ್ಲ. ಕೂತೆ, ಎದ್ದೆ, ಮೊಬೈಲ್ ನೋಡ್ದೆ, ಬಾಗಿಲಿಗೆ ಹೋಗಿ ಬಂದೆ. ಕೊನೆಗೆ ಮಗ್ಗದ ಮೇಲೆ ಬಗ್ಗಿ, ಏನೋ ಗೊತ್ತಿರೋನಂಗೆ ಕೈ ಆಡಿಸ್ದೆ.

"ಅಯ್ಯೋ ನಾಯನಾ! ಪೋಗು! ಪೋಗು!" ಅತ್ತೆ ನನ್ನ ಕಡೆಗೇ ಕೈ ಚಾಚಿ ಕಿರುಚಿದ್ರು.

ಮುಖ ಕೆಂಪಾಯ್ತು. ತೆಲುಗು ನಂಗೂ ಬರುತ್ತೆ, ಊಟ, ಬಸ್ಸು, ಜಗಳಕ್ಕೆ ಸಾಕಾಗೋಷ್ಟು. ಪೋ ಅಂದ್ರೆ ಹೋಗು. ಮೊದ್ಲು ನಾಯನಾ ಅಂತ ಮುದ್ದು, ಆಮೇಲೆ ಎದ್ದು ಹೋಗು! ಅದೂ ಅಳಿಯಂಗೆ! ರೂಮು ಕೊಡಲ್ಲ ಅಂದಿದ್ದಕ್ಕೇ ಇದು ಅನ್ಕೊಂಡೆ. ಚಪ್ಪಲಿ ಮೆಟ್ಕೊಂಡು ಹೊರಟೆ.

ಬಾಗಿಲಲ್ಲಿ ಬಾಮೈದ, "ಬಾವಾ, ಟೀ ಬರ್ತೈತೆ, ಎಲ್ಲಿಗೆ?"

"ನಿಮ್ಮವ್ವನ್ನ ಕೇಳು!"

ಬಸ್ ಸ್ಟ್ಯಾಂಡಲ್ಲಿ ಚಳ್ಳಕೆರೆ ಬಸ್ ನಿಂತಿತ್ತು. ಹತ್ತಿ ಕೂತೆ. ಡ್ರೈವರ್ ಇನ್ನೂ ಟೀ ಕುಡೀತಿದ್ದ. ಕಾಲು ಕುಣಿಸ್ತಾ ಕೂತಿದ್ದೆ, ಹೆಂಡ್ತಿ ಫೋನ್ ಬಂತು.

"ರೀ, ಎಲ್ಲಿದೀರಿ?"

"ಬಸ್ನಾಗೆ. ನಿಮ್ಮವ್ವ ಹೋಗು ಅಂದ್ರಲ್ಲ."

"ಯಾವಾಗ?"

"ಪೋಗು ಪೋಗು ಅಂತ ಬಾಯಿ ಬಡ್ಕೊಂಡ್ರಲ್ಲ, ಇಡೀ ಓಣಿಗೆ ಕೇಳ್ಸಂಗೆ!"

ಆ ಕಡೆಯಿಂದ ನಗು. ನಕ್ಕೊಂಡೇ ಅವ್ವಂಗೆ ತೆಲುಗಲ್ಲಿ ಹೇಳಿದ್ಲು. ಅತ್ತೆ ನಗು. ಹಿಂದೆ ಬಾಮೈದ ಬೇರೆ.

"ಪೋಗು ಅಂದ್ರೆ ಎಳೆ ಕಣ್ರೀ! ಮಗ್ಗದ ಮೇಲಿನ ಒಂದೆಳೆ ನಿಮ್ಮ ವಾಚಿಗೆ ಸಿಕ್ಕಿ ಕಿತ್ತೋಯ್ತು. ಅದನ್ನ ಹೇಳಿದ್ಲು ಅವ್ವ. ಮದ್ವೆ ಆಗಿ ಇಷ್ಟು ವರ್ಷ ಆಯ್ತು, ಇಷ್ಟೂ ಗೊತ್ತಿಲ್ವಾ?"

ಹಿಂದಿಂದ ಅತ್ತೆ, "ಎಳೆ ಕಟ್ಟಿದ್ದಾಯ್ತು, ಬಾ ಅನ್ನೇ ಆಯಪ್ಪಂಗೆ! ಟೀ ಆರ್ತೈತೆ!"

ಆ ಗೇಮಲ್ಲಿ ಒಂದು ಐತೆ. ನಮ್ಮ ಕಡೆ ಒಬ್ಬನ್ನ ಅಲ್ಲಿನ ಜನರ ಊರಲ್ಲಿ ಬಿಟ್ರೆ, ಅವರ ಕೆಲಸ ಕಲ್ತು ವಾಪಸ್ ಬರ್ತಾನೆ. ಎಷ್ಟು ಜನರನ್ನ ಹಂಗೆ ಕಳ್ಸಿದೀನೋ! ನಾನು ಮಾತ್ರ ಅತ್ತೆ ಮನೇಲಿ ಇಷ್ಟು ವರ್ಷ ಕೂತು ಬರೀ ಮಿರ್ಚಿ ತಿಂದಿದೀನಿ.

ಡ್ರೈವರ್ ಹತ್ತಿ ಬಸ್ ಸ್ಟಾರ್ಟ್ ಮಾಡ್ದ. ಕಂಡಕ್ಟರ್ ಬಂದು, "ಎಲ್ಲಿಗೆ ಯಜಮಾನ್ರೇ?" ಅಂದ.

"ಇಳಿತೀನಪ್ಪ," ಅಂದೆ. ಬಸ್ಸಿನ ಮೆಟ್ಲಲ್ಲಿ ನಿಂತೇ ಫೋನಿಗೆ ಕೇಳ್ದೆ, "ಆ ಗುಂಡಿ ಎಷ್ಟು ಆಳ ಅಗಿಬೇಕಂತೆ, ಕೇಳು ನಿಮ್ಮವ್ವನ್ನ."

ನಗು ನಿಂತೋಯ್ತು. ಆಮೇಲೆ ಮೆಲ್ಲಗೆ ಅಂದ್ಲು,

"ಮೊದ್ಲು ವಾಚ್ ಬಿಚ್ಚಿ ಜೇಬಿಗೆ ಹಾಕ್ಕೊಂಡು ಬನ್ನಿ."