ಹಾವು ಹೊಡೆಯುವ ಗಿರಿಜಕ್ಕ

ನನ್ನ ಬೀಗಿತ್ತಿ ಗಿರಿಜಕ್ಕ ಹಾವನ್ನು ಒಂದೇ ಏಟಿಗೆ ಕೊಲ್ಲುತ್ತಿದ್ದರು. ಏಟು ಬೀಳಬೇಕಾದದ್ದು ತಲೆಯ ಹಿಂದೆ, ಎರಡು ಬೆರಳು ಬಿಟ್ಟು. ನಡುವಿಗೆ ಹೊಡೆದರೆ ಹಾವು ತಿರುಗಿ ಬೀಳುತ್ತದೆ, ಬಾಲಕ್ಕೆ ಹೊಡೆದರೆ ಬಿಲ ಸೇರುತ್ತದೆ. "ಎರಡನೇ ಏಟು ಹಾಕಿದ್ರ ಅದು ಹೊಡ್ಯೂದಲ್ರಿ, ಹಿಂಸಾ ಕೊಡೂದು," ಎನ್ನುತ್ತಿದ್ದರು. ಇದನ್ನು ಅವರು ನನಗೆ ಮೊದಲು ಹೇಳಿದ್ದು ನನ್ನ ಮಗ ಮಹೇಶ ಮತ್ತು ಅವರ ಮಗಳು ಸುಮಾಳ ನಿಶ್ಚಿತಾರ್ಥದ ಪಂಕ್ತಿಯಲ್ಲಿ, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ. ಪಕ್ಕದಲ್ಲಿ ಕುಳಿತಿದ್ದ ನಮ್ಮ ಕಡೆಯ ಹೆಂಗಸರು ಎಲೆ ಮಡಿಸಿ ಎದ್ದುಬಿಟ್ಟರು. ನಾನು ಏಳಲಿಲ್ಲ. ತುಮಕೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸ್ಟರ್ ಆಗಿ ಸೇರಿ ಮೇಟ್ರನ್ ಆಗಿ ನಿವೃತ್ತಳಾದವಳು ನಾನು. ಊಟದ ಎದುರು ಅದಕ್ಕಿಂತ ಕೆಟ್ಟದ್ದನ್ನು ಕೇಳಿದ್ದೇನೆ.

ಅವರದು ಹಾವೇರಿ ಸೀಮೆಯ ಹಳ್ಳಿ. ಕುಳ್ಳು ಮೈ, ಗಂಡಸರ ಹಾಗೆ ಅಗಲವಾದ ಮುಂಗೈ, ಅದರ ತುಂಬ ಹಸಿರು ಬಳೆ. ಯಾರ ಮನೆಯಲ್ಲಿ ಹಾವು ಹೊಕ್ಕರೂ ಗಿರಿಜಕ್ಕನಿಗೆ ಕರೆ ಬರುತ್ತಿತ್ತು. ನಾದುತ್ತಿದ್ದ ಹಿಟ್ಟನ್ನು ಹಾಗೆಯೇ ಬಿಟ್ಟು, ಬಡಿಗೆ ಹಿಡಿದು ಹೊರಡುವವರು. ವಿಷದ್ದೋ ಅಲ್ಲವೋ ವಿಚಾರಿಸುತ್ತಿರಲಿಲ್ಲ. ಕೇರೆಹಾವು ಪಾಪದ್ದು, ಬಿಟ್ಟುಬಿಡು ಎಂದರೆ, "ಪಾಪದ್ದಿದ್ರ ಹೊಲದಾಗಿರಲಿ, ಮನ್ಯಾಗ ಯಾಕ ಬಂತು?" ಎಂಬ ಒಂದೇ ಉತ್ತರ. ಪಂಚಮಿಯ ದಿನ ಊರಿನ ಹೆಂಗಸರೆಲ್ಲ ಹುತ್ತಕ್ಕೆ ಹಾಲೆರೆಯಲು ಹೋದರೆ ಇವರು ಹೋಗುತ್ತಿರಲಿಲ್ಲ. ಉಂಡಿ ಕಟ್ಟುತ್ತಿದ್ದರು, ಜೋಕಾಲಿ ಆಡುತ್ತಿದ್ದರು, ಅಷ್ಟೆ. ಹಿರಿಯರು ಬೈದು ಬೈದು ಸುಮ್ಮನಾದರು.

ನನಗೆ ಅವರು ಹಿಡಿಸಿದ್ದರು. ಕೆಲಸವನ್ನು ಅರ್ಧಕ್ಕೆ ಬಿಡುವವರನ್ನು ಕಂಡರೆ ನಮ್ಮಿಬ್ಬರಿಗೂ ಆಗುತ್ತಿರಲಿಲ್ಲ.

ನಾನು ಕೆನಡಾದ ಅರೋರಾದಲ್ಲಿ ಮಗ ಸೊಸೆಯ ಜೊತೆ ಇದ್ದೇನೆ. ಮೊಮ್ಮಗಳು ಅನು ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಾಗ ಅವಳ ಗೆಳತಿಯೊಬ್ಬಳ ಮನೆಯವರು ಬೇರೆ ಪ್ರಾಂತಕ್ಕೆ ಹೊರಟರು. ಅವರು ಬಿಟ್ಟುಹೋದ ಬಾಲ್ ಪೈಥಾನ್ ನಮ್ಮ ಬೇಸ್‌ಮೆಂಟಿಗೆ ಬಂತು. ತೋಳುದ್ದದ ಹಾವು, ಕಪ್ಪು ಮೈಮೇಲೆ ಸುಟ್ಟ ರೊಟ್ಟಿಯ ಬಣ್ಣದ ಮಚ್ಚೆಗಳು. ಹೆಸರು ಬಿಸ್ಕೆಟ್. ವಿಷವಿಲ್ಲ. ಗಾಜಿನ ತೊಟ್ಟಿ, ಒಂದು ಬದಿಗೆ ಬಿಸಿ ದೀಪ, ನೀರಿನ ಬೋಗುಣಿ. ಮುಚ್ಚಳಕ್ಕೆ ಚಿಲಕ ಇರಬೇಕು, ಮುಟ್ಟಿದವರು ಸೋಪು ಹಾಕಿ ಕೈ ತೊಳೆಯಬೇಕು, ಬೆಳಿಗ್ಗೆ ತಿಂಡಿಯಾದ ಮೇಲೆ ಶಾಖ ನೋಡಬೇಕು ಎಂದು ನಾನು ನಿಯಮ ಮಾಡಿದೆ. ಹಾವಿಗೂ ನನಗೂ ಜಗಳವಿರಲಿಲ್ಲ. ಕೊಟ್ಟ ದಿನ ತಿನ್ನುತ್ತಿತ್ತು, ಗದ್ದಲ ಮಾಡುತ್ತಿರಲಿಲ್ಲ. ವಾರ್ಡಿನಲ್ಲಿ ಅಂಥ ರೋಗಿ ಸಿಕ್ಕುವುದು ಅಪರೂಪ.

ಜೂನ್ ತಿಂಗಳಲ್ಲಿ ಗಿರಿಜಕ್ಕ ಬರುತ್ತಾರೆಂದಾಗ ಸುಮಾ ಹೆದರಿದಳು. "ಅನು, ಪ್ಲೀಸ್, ಆರು ತಿಂಗಳು ಫ್ರೆಂಡ್ಸ್ ಯಾರ ಹತ್ರಾನಾದ್ರೂ ಬಿಡು. ನಿಮ್ಮ ಆಯಿ ಸುದ್ದಿ ನಿನಗ ಗೊತ್ತಿಲ್ಲ."

"ನೋ ಅಮ್ಮ. ಶಿ ಲಿವ್ಸ್ ಹಿಯರ್. ಆಯಿಗೆ ನಾನೇ ಹೇಳ್ತೀನಿ."

ಹೇಳಲು ಅವಳು ಆರಿಸಿಕೊಂಡ ರೀತಿ ಸರಿಯಿರಲಿಲ್ಲ. ಅವಳು ಆಯಿ ಎನ್ನುವ ಅಜ್ಜಿ ಬಂದ ಮರುದಿನ ಹಾವನ್ನು ಹೆಗಲ ಮೇಲೆ ಹಾಕಿಕೊಂಡು ಮೆಟ್ಟಿಲು ಹತ್ತಿ ಅಡುಗೆಮನೆಗೆ ಬಂದಳು, ಮಗುವನ್ನು ಪರಿಚಯ ಮಾಡಿಸುವ ಹಾಗೆ. ಗಿರಿಜಕ್ಕ ಸೊಪ್ಪು ಸೋಸುತ್ತಿದ್ದರು. ಒಮ್ಮೆ ನೋಡಿದರು. ಗ್ಯಾರೇಜಿನ ಬಾಗಿಲ ಬಳಿ ಮಹೇಶನ ಹಾಕಿ ಸ್ಟಿಕ್ ನಿಂತಿತ್ತು. ಅವರು ಎದ್ದದ್ದು, ಅದನ್ನು ಎತ್ತಿಕೊಂಡದ್ದು, ಬೀಸಿದ್ದು ಮೂರೂ ನನಗೆ ಒಂದೇ ಕ್ರಿಯೆಯಾಗಿ ಕಂಡವು. ಅನು ಎಡಗೈ ಅಡ್ಡ ಹಿಡಿದಳು. ಹಸಿ ಕಡ್ಡಿ ಮುರಿದಂಥ ಸದ್ದು. ಆ ಸದ್ದು ಏನೆಂದು ನನಗೆ ಗೊತ್ತು. ಹುಡುಗಿ ನೆಲಕ್ಕೆ ಕುಸಿದು, ಹಾವನ್ನು ಹೊಟ್ಟೆಯ ಕೆಳಗೆ ಮುಚ್ಚಿಕೊಂಡು ಬೋರಲು ಬಿದ್ದಳು. ಗಿರಿಜಕ್ಕನ ಸ್ಟಿಕ್ ಮತ್ತೆ ಮೇಲೆದ್ದಿತ್ತು. ನಾನು ಅದರ ತುದಿಗೆ ಜೋತುಬಿದ್ದೆ.

"ಬಿಡ್ರಿ, ಸಿಸ್ಟರ್ ಬಾಯಾರ! ಕೂಸಿನ ಕೆಳಗೈತಿ ಅದು!"

"ಕೂಸಿನ ಕೈ ಮುರಿದಿದೆ, ಗಿರಿಜಕ್ಕ! ನೀವೇ ಮುರಿದದ್ದು!"

ಆಗ ಅವರು ಸ್ಟಿಕ್ ಬಿಟ್ಟರು. ನಾನು ರೊಟ್ಟಿ ಲಟ್ಟಣಿಗೆ ಆಸರೆಯಿಟ್ಟು ಅನುವಿನ ಕೈ ಕಟ್ಟಿದೆ. ಪಕ್ಕದ ಊರು ನ್ಯೂಮಾರ್ಕೆಟ್ಟಿನ ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ವೈದ್ಯರು ಹೇಗಾಯಿತೆಂದು ಕೇಳಿದಾಗ ಅನು ನಮ್ಮತ್ತ ನೋಡದೆ, "ಹಾಕಿ," ಎಂದಳು. ಐಸ್ ಮೇಲಿನ ಆಟ ಬೇಸಿಗೆಯಲ್ಲೇ ಎಂದರು. "ಸಮ್ಮರ್ ಲೀಗ್," ಎಂದಳು. ಬರುವಾಗ ಕಾರಿನಲ್ಲಿ ತಾಯಿಗೆ ಹೇಳಿದ ಮಾತು ಮಾತ್ರ ಬೇರೆ: "ಇನ್ನೊಂದ್ಸಲ ಆಯಿ ಬಿಸ್ಕೆಟ್‌ನ ಮುಟ್ಟಿದ್ರೆ ನಾನು ಮನೆ ಬಿಡ್ತೀನಿ. ಸೆಪ್ಟೆಂಬರಲ್ಲಿ ಯೂನಿವರ್ಸಿಟಿಗೆ ಹೋದೋಳು ವಾಪಸ್ ಬರಲ್ಲ. ಐ ಮೀನ್ ಇಟ್."

ಅಂದಿನಿಂದ ಬೇಸ್‌ಮೆಂಟಿನ ಕೋಣೆಗೆ ಬೀಗ. ಕೀಲಿಕೈ ನನ್ನ ಹತ್ತಿರ. ಗಿರಿಜಕ್ಕ ಎರಡು ಹೊತ್ತು ಊಟ ಬಿಟ್ಟರು. ಆದರೆ ತಪ್ಪಾಯಿತೆನ್ನಲಿಲ್ಲ. "ನಾ ಹೊಡದದ್ದು ಹಾವಿಗೆ. ಅಡ್ಡ ಬಂದಾಕಿ ಆಕಿ," ಎಂದರು. ಅನು ಅವರೊಡನೆ ಮಾತು ನಿಲ್ಲಿಸಿದಳು. ಅಜ್ಜಿ ಮಾಡಿದ ರೊಟ್ಟಿಯನ್ನು ತಿನ್ನುತ್ತಿರಲಿಲ್ಲ, ಎದುರಿಗೇ ಬ್ರೆಡ್ ಸುಟ್ಟುಕೊಳ್ಳುತ್ತಿದ್ದಳು.

ಅನುವಿನ ಕೈಗೆ ಪ್ಲಾಸ್ಟರ್ ಇದ್ದುದರಿಂದ ಹಾವಿನ ಆರೈಕೆ ನನ್ನ ಪಾಲಿಗೆ ಬಂತು. ಕೆಲವು ದಿನಗಳಾದ ಮೇಲೆ ಗಿರಿಜಕ್ಕ ನನ್ನ ಹಿಂದೆ ಬಂದು ಬೇಸ್‌ಮೆಂಟಿನ ಮೆಟ್ಟಿಲ ಮೇಲೆ ಕೂರತೊಡಗಿದರು. ಕೆಳಗಿಳಿಯುತ್ತಿರಲಿಲ್ಲ. ಕೈಯಲ್ಲಿ ಏನೂ ಇಲ್ಲವೆಂದು ಖಚಿತ ಮಾಡಿಕೊಂಡೇ ನಾನು ಬೀಗ ತೆಗೆಯುತ್ತಿದ್ದೆ.

"ಮಲಕೊಂಡಾಗ ಅದು ಕಣ್ಣು ಮುಚ್ಚತೈತೇನ್ರಿ?" ಎಂದು ಒಂದು ದಿನ ಕೇಳಿದರು.

"ಇಲ್ಲ. ಹಾವಿಗೆ ರೆಪ್ಪೆ ಇಲ್ಲ, ಗಿರಿಜಕ್ಕ."

"ಹಂಗಾದ್ರ ನನ್ನ ಕೂಸನ್ನ ನೋಡಿಕೋತನ ಕಡದಿತ್ತು," ಎಂದರು.

ಅವರ ಮೊದಲ ಮಗ ಮೂರು ವರ್ಷದವನಿದ್ದಾಗ ತಾಯಿಯ ಪಕ್ಕದಲ್ಲೇ ಚಾಪೆಯ ಮೇಲೆ ಮಲಗಿದ್ದನಂತೆ. ಕಚ್ಚಿದ್ದು ಕಟ್ಟುಹಾವು. ಗಾಯವೇ ಕಾಣಲಿಲ್ಲ. ಹೊಟ್ಟೆನೋವೆಂದು ಅತ್ತ, ಇವರು ಓಂಕಾಳಿನ ನೀರು ಕುಡಿಸಿದರು. ಆಮೇಲೆ ರೆಪ್ಪೆ ಎತ್ತಲಾರದೆ ಹೋದ. ಬೆಳಗಾಗುವಷ್ಟರಲ್ಲಿ ಉಸಿರಿರಲಿಲ್ಲ. ಹಾಸಿದ್ದ ಕೌದಿ ಎತ್ತಿದರೆ ಅದರ ಮಡಿಕೆಯೊಳಗೆ ಹಾವು ಇನ್ನೂ ಸುತ್ತಿಕೊಂಡಿತ್ತು. ಮಾವ, ದೇವರು ಅದು, ಮುಟ್ಟಬೇಡ ಎಂದರು. ಗಿರಿಜಕ್ಕ ಒನಕೆ ತಂದರು. "ಅವತ್ತ ನಾ ಎಷ್ಟು ಏಟು ಹಾಕಿದ್ನೆಂಬೂದ ನನಗ ನೆನಪಿಲ್ಲ ನೋಡ್ರಿ. ನೆಲ ತಗ್ಗು ಬಿದ್ದಿತ್ತು." ಸುಮಾ ಹುಟ್ಟಿದ್ದು ಅದಾದ ಎಷ್ಟೋ ವರ್ಷಗಳ ಮೇಲೆ. ಅಣ್ಣನೊಬ್ಬನಿದ್ದನೆಂಬ ಸಂಗತಿಯನ್ನು ಬಿಟ್ಟರೆ ಮಗಳಿಗೂ ಏನೂ ತಿಳಿಯದು. ಇದನ್ನೆಲ್ಲ ನಾನು ಅನುವಿಗೆ ಹೇಳಿದೆ. ಅವಳು ಕೇಳಿಸಿಕೊಂಡಳು. ಮಾತಾಡಿಸಲು ಹೋಗಲಿಲ್ಲ.

ಆಗಸ್ಟಿನಲ್ಲಿ ಸೋಮವಾರವೂ ರಜೆ ಬರುವ ವಾರಾಂತ್ಯಕ್ಕೆ ಅನು ಗೆಳತಿಯರ ಜೊತೆ ಕಾಟೇಜಿಗೆ ಹೋದಳು. ಮನೆಯಲ್ಲಿ ಶ್ರಾವಣದ ಆಚರಣೆ ನಡೆದಿತ್ತು. ಬಿಸ್ಕೆಟ್‌ಗೆ ಹಾಕುವ ಸತ್ತ ಇಲಿಗಳನ್ನು ಗ್ಯಾರೇಜಿನ ಪುಟ್ಟ ಫ್ರೀಜರಿನಲ್ಲಿ ಇಡುತ್ತಿದ್ದೆವು. ಶ್ರಾವಣದಲ್ಲಿ ಮನೆಯೊಳಗೆ ಹೆಣ ಬೇಡವೆಂದು ಸುಮಾ ಮಗಳಿಗೂ ತಿಳಿಸದೆ ಅವನ್ನೆಲ್ಲ ಎಸೆಸಿದಳು. ಸೋಮವಾರ ಹಾವಿಗೆ ಊಟದ ಸರದಿ. ಮಹೇಶ ಅಂಗಡಿಯಿಂದ ಜೀವಂತ ಇಲಿ ತಂದ. ಸತ್ತದ್ದನ್ನು ಇಟ್ಟುಕೊಂಡರೆ ಮೈಲಿಗೆ, ನಾವೇ ಕೊಂದರೆ ಪಾಪ. ಜೀವಂತ ಬಿಟ್ಟು ಬಾಗಿಲು ಹಾಕಿಕೊಂಡರೆ ಎರಡೂ ಅಂಟುವುದಿಲ್ಲ ಎಂಬುದು ಗಂಡ ಹೆಂಡಿರ ತೀರ್ಮಾನ. ನಿಂತು ನೋಡುತ್ತಿರಿ ಎಂದು ಅಂಗಡಿಯವಳು ಹೇಳಿದ್ದಳಂತೆ. ಈರುಳ್ಳಿ ಬೆಳ್ಳುಳ್ಳಿಯನ್ನೂ ಬಿಟ್ಟ ದಿನ ಅದನ್ನು ನಿಂತು ನೋಡುವವರು ಯಾರು? ನನ್ನಿಂದ ಕೀಲಿಕೈ ಇಸಿದುಕೊಂಡು, ಇಲಿಯನ್ನು ತೊಟ್ಟಿಗೆ ಬಿಟ್ಟು, ಮುಚ್ಚಳದ ಚಿಲಕ ಹಾಕಿ ಮೇಲೆ ಬಂದರು. ಚೀರಾಟ ಕೇಳಬಾರದೆಂದು ಸುಮಾ ವಚನಗಳ ಹಾಡನ್ನು ಜೋರಾಗಿ ಹಚ್ಚಿದಳು.

ಬಿಸ್ಕೆಟ್ ಪೊರೆ ಬಿಡುವುದರಲ್ಲಿತ್ತು. ಆ ದಿನಗಳಲ್ಲಿ ಅದಕ್ಕೆ ಕಣ್ಣು ಮಂಜು, ತಿನ್ನುವುದಿಲ್ಲ. ಅದು ನನಗೂ ಗೊತ್ತಿರಲಿಲ್ಲ, ಅನುವನ್ನು ಕೇಳಿದ್ದರೆ ಹೇಳುತ್ತಿದ್ದಳು.

ಸಂಜೆ ನಾನು ವಾಕಿಂಗ್ ಮುಗಿಸಿ ಬಂದಾಗ ಗಿರಿಜಕ್ಕ ಅಡುಗೆಮನೆಯ ನೆಲದಲ್ಲಿ ಬಿಸಿಗಾಳಿ ಬರುವ ಕಿಂಡಿಗೆ ಕಿವಿಯಿಟ್ಟು ಬಗ್ಗಿದ್ದರು. "ಆ ಹಾಡು ಬಂದ್ ಮಾಡು, ಸುಮಾ! ಕೆಳಗ ಏನು ಬಿಟ್ಟೀರಿ?"

"ಏನಿಲ್ಲವ್ವ. ಅದಕ್ಕ ಊಟ ಹಾಕೇವಿ."

"ಜೀವಂತ?"

ಮಹೇಶ, "ಅತ್ತೆ, ಅದು ನೇಚರ್ ಅಷ್ಟೆ," ಎಂದ.

"ಎಂಥಾ ನೇಚರೋ! ಹಾವು ಹಿಡದಿದ್ರ ಇಲಿ ಒಮ್ಮೆ ಒದರಿ ಸುಮ್ಮನಾಗತಿತ್ತು. ಇದು ಕಡ್ಯೂ ಸಪ್ಪಳ!"

ಕೀಲಿಕೈಯನ್ನು ಅವನ ಕೈಯಿಂದ ಕಿತ್ತುಕೊಂಡು ಇಳಿದರು. ನಾನು ಅವರ ಬೆನ್ನಿಗಿದ್ದೆ. ತೊಟ್ಟಿಯ ಗಾಜಿನ ಮೇಲೆ ರಕ್ತ ಪಟ್ಟೆಪಟ್ಟೆಯಾಗಿ ಮೆತ್ತಿಕೊಂಡಿತ್ತು. ಬಿಸ್ಕೆಟ್ ತಲೆಯನ್ನು ಒಳಗಿಟ್ಟು ಚೆಂಡಿನಂತೆ ಸುತ್ತಿಕೊಂಡಿತ್ತು. ಹೆದರಿದಾಗ ಅದು ಮಾಡುವುದಿಷ್ಟೆ. ಇಲಿ ಅದರ ಬೆನ್ನ ಮೇಲೆ ಕುಳಿತು, ಮುಂಗಾಲಲ್ಲಿ ಹಿಡಿದುಕೊಂಡು ತಿನ್ನುತ್ತಿತ್ತು. ಒಂದು ಗೇಣು ಉದ್ದ ಚರ್ಮವಿರಲಿಲ್ಲ. ಬೆನ್ನೆಲುಬಿನ ಮಣಿಗಳು ಬೆಳ್ಳಗೆ ಎದ್ದಿದ್ದವು. ಇಲಿಯ ಮೋರೆ ಕಿವಿಯವರೆಗೂ ಒದ್ದೆಯಾಗಿತ್ತು.

ಗಿರಿಜಕ್ಕ ಮುಚ್ಚಳ ತೆಗೆದು ಬರಿಗೈ ಹಾಕಿದರು. ಇಲಿ ಅವರ ಹೆಬ್ಬೆರಳನ್ನು ಕಚ್ಚಿತು. ಹಲ್ಲು ಉಗುರಿನ ಮೂಲಕ ಇಳಿಯುವುದನ್ನು ನಾನು ಕಂಡೆ. ಅವರು ಬಿಡಲಿಲ್ಲ. ಕಚ್ಚಿಕೊಂಡಿದ್ದ ಹಾಗೆಯೇ ಹೊರಗೆ ತೆಗೆದು, ಕೈ ಸಮೇತ ಕಾಂಕ್ರೀಟ್ ಗೋಡೆಗೆ ಅಪ್ಪಳಿಸಿದರು. ಒಂದೇ ಸಲ. ಇಲಿ ಗೋಡೆಯಿಂದ ನಿಧಾನವಾಗಿ ಜಾರಿತು. ಅವರ ಗೆಣ್ಣುಗಳೂ ಒಡೆದಿದ್ದವು.

ಆಮೇಲೆ ಅದೇ ಕೈ ಮತ್ತೆ ತೊಟ್ಟಿಯತ್ತ ಹೋಯಿತು. ಮೆಟ್ಟಿಲ ಮೇಲಿಂದ ಮಹೇಶ ಕಿರುಚಿದ: "ಅತ್ತೆ, ಬೇಡ! ಅನು ಮನೆ ಬಿಟ್ಟು ಹೋಗ್ತಾಳೆ!"

ಗಿರಿಜಕ್ಕ ಅವನತ್ತ ತಿರುಗಲೂ ಇಲ್ಲ. ಎರಡೂ ಅಂಗೈಯನ್ನು ಹಾವಿನ ಕೆಳಗೆ ತೂರಿಸಿ ಮೇಲೆತ್ತಿದರು. ಜೀವಮಾನದಲ್ಲಿ ಬಡಿಗೆಯ ತುದಿಯಿಂದಲ್ಲದೆ ಹಾವನ್ನು ಮುಟ್ಟಿದವರಲ್ಲ. ಬಳೆಗಳು ಸದ್ದು ಮಾಡುತ್ತಿದ್ದವು. ಹಾವು ಅವರ ಮುಂಗೈಗೆ ಸುತ್ತಿ ಬಿಗಿಯಿತು. "ಸಿಸ್ಟರ್ ಬಾಯಾರ, ನಿಮ್ಮ ಅರಿವಿ, ನೀರು, ಏನೈತೋ ತರ್ರಿ ಲಗೂನ! ಬಿಗಿ ಹಿಡಕೊಂಡೈತಿ ಇದು, ನಾ ಬಿಡಿಸಿಕೊಳ್ಳಾಕಾಗೂದಿಲ್ಲ!"

ಗಾಯ ತೊಳೆದೆ. ಎಲುಬು ಕಂಡ ಮೇಲೆ ತೊಳೆದು ಪ್ರಯೋಜನವಿಲ್ಲವೆಂದು ನನಗೆ ತಿಳಿದಿತ್ತು. ಹಾವುಗಳನ್ನು ನೋಡುವ ಪಶುವೈದ್ಯೆಯ ಹತ್ತಿರ ಒಯ್ದೆವು. ದಾರಿಯುದ್ದಕ್ಕೂ ಅದು ಗಿರಿಜಕ್ಕನ ಮಡಿಲಲ್ಲಿ ಟವೆಲಿನೊಳಗಿತ್ತು. ವೈದ್ಯೆ ನೋಡಿ, ಉಳಿಯುವುದಿಲ್ಲ, ಸೂಜಿ ಹಾಕಿ ಸಾಯಿಸುವುದೇ ಸರಿ ಎಂದಳು. ಸುಮಾ ಅನುವಿಗೆ ಫೋನ್ ಹಚ್ಚಿ ಮೇಜಿನ ಮೇಲಿಟ್ಟಳು.

"ಲೈವ್ ರ್ಯಾಟ್ ಹಾಕಿದ್ದು ಯಾರು?" ಎಂದಳು ಅನು.

"ನಾನು," ಎಂದ ಮಹೇಶ. "ಇಲಿ ಕಚ್ತಾ ಇದ್ದಾಗ ಬಿಡಿಸಿದ್ದು ನಿಮ್ಮ ಆಯಿ."

"ಆಯಿ ಎಲ್ಲಿ?"

"ಇಲ್ಲೇ ಅದೀನವ್ವ."

"ಅವಳಿಗೆ ನೋಯ್ತಿದ್ಯಾ?"

"ಭಾಳ ನೋಯಾಕತ್ತೈತಿ."

"ನೀವೇ ಹಿಡ್ಕೊಳ್ಳಿ, ಆಯಿ. ಡೋಂಟ್ ಗಿವ್ ಹರ್ ಟು ಡ್ಯಾಡ್."

"ಹಿಡಕೊಂಡೀನಿ."

ಸೂಜಿ ಹಾಕಿದ ಮೇಲೂ ಹಾವು ಬಹಳ ಹೊತ್ತು ಸಾಯಲಿಲ್ಲ. ತಣ್ಣನೆಯ ರಕ್ತದ ಪ್ರಾಣಿಯಲ್ಲಿ ಔಷಧ ನಿಧಾನ. ಸುತ್ತುಗಳು ಒಂದೊಂದಾಗಿ ಸಡಿಲವಾಗುತ್ತ ಹೋದವು. "ಇಷ್ಟೊತ್ತು ಬೇಕೇನ್ರಿ ಸಾಯಾಕ?" ಎಂದು ಗಿರಿಜಕ್ಕ ನನ್ನನ್ನು ಕೇಳಿದರು. ಬೇಕು ಎಂದೆ. ಪೂರ್ತಿ ಸಡಿಲವಾಗುವ ತನಕ ಅವರು ಕೈ ಅಲುಗಿಸಲಿಲ್ಲ.

ಅನು ಬಂದವಳು ಎಷ್ಟೋ ದಿನ ಅಪ್ಪ ಅಮ್ಮನೊಡನೆ ಮಾತಾಡಲಿಲ್ಲ. ಅಜ್ಜಿಯ ಪಕ್ಕ ಬಂದು ಕೂರುತ್ತಿದ್ದಳು. ಅಜ್ಜಿಯ ಹೆಬ್ಬೆರಳಿಗೆ ದಿನವೂ ನಾನು ಬ್ಯಾಂಡೇಜು ಬದಲಿಸುತ್ತಿದ್ದೆ, ಮೊಮ್ಮಗಳು ಹತ್ತಿ ಹಿಡಿದುಕೊಡುತ್ತಿದ್ದಳು. ಸೆಪ್ಟೆಂಬರಿನಲ್ಲಿ ಯೂನಿವರ್ಸಿಟಿಗೆ ಹೋದಳು. ಅಜ್ಜಿ ಇರುವಷ್ಟು ಕಾಲ ಶನಿವಾರ ತಪ್ಪದೆ ಬಂದಳು.

ಡಿಸೆಂಬರಿನಲ್ಲಿ ಊರಿಗೆ ಮರಳಿದ ಗಿರಿಜಕ್ಕ ಎರಡು ತಿಂಗಳೊಳಗೇ, ಮಾಘ ಮಾಸದಲ್ಲಿ ತೀರಿಕೊಂಡರು. ಎದೆ ಹಿಡಿದುಕೊಂಡು ಒಲೆಯ ಮುಂದೆ ಕೂತವರು ಏಳಲಿಲ್ಲವಂತೆ. ನಾನು ಅವರನ್ನು ಕಡೆಯ ಸಲ ಕಂಡದ್ದು ವಿಮಾನ ನಿಲ್ದಾಣದಲ್ಲಿ. ಗಾಲಿಕುರ್ಚಿಯಲ್ಲಿ ಕೂತಿದ್ದರು, ಕೆನಡಾದ ದಪ್ಪ ಕೋಟು, ಅದರ ಕೆಳಗೆ ಇಳಕಲ್ ಸೀರೆ. ಕುರ್ಚಿ ತಳ್ಳುವವನು ಹೊರಡುವ ಅವಸರದಲ್ಲಿದ್ದ. ಅನು ಅವರ ಮುಂದೆ ಮೊಣಕಾಲೂರಿದಳು.

"ಆಯಿ, ನಿಮ್ಮ ಆ ಮಗು... ಅವನ ಹೆಸರು ಏನು?"

ಪಕ್ಕದಲ್ಲಿದ್ದ ಸುಮಾ ತಾಯಿಯತ್ತ ಬಗ್ಗಿದಳು. ನಾನೂ ಅದನ್ನು ಕೇಳಿರಲಿಲ್ಲ.

"ಗುರುಪಾದ," ಎಂದರು ಗಿರಿಜಕ್ಕ. "ಗುರ್ಯಾ ಅಂತಿದ್ವಿ."

"ಗುರ್ಯಾ," ಎಂದಳು ಅನು, ಮೆಲ್ಲಗೆ.

"ಹಂಗಲ್ಲ. ಹಂಗ ಕರದ್ರ ಅವ ಬರತಿದ್ದಿಲ್ಲ."

ಕುರ್ಚಿಯ ಎರಡೂ ಕೈ ಹಿಡಿದು ಅವರು ಎದ್ದು ನಿಂತರು. ಸಾಮಾನಿನ ಗಾಡಿಗಳು, ಸಾಲುಗಳು, ಪೊಲೀಸರು, ಎಲ್ಲರ ಮೇಲಿಂದ ಹಾಯುವ ಹಾಗೆ, ಬೀದಿಯಲ್ಲಿ ಆಡುತ್ತಿರುವವನನ್ನು ಒಳಗೆ ಕರೆಯುವ ದನಿಯಲ್ಲಿ ಕೂಗಿದರು.

"ಏ ಗುರ್ಯಾ! ಬಾರೋ ಉಣ್ಣಾಕ!"

ಆ ದೊಡ್ಡ ಹಜಾರದಲ್ಲಿ ಜನ ಒಮ್ಮೆಲೇ ತಿರುಗಿದರು. ಎಲ್ಲೋ ದೂರದಲ್ಲಿ ಯಾರದೋ ಮಗುವೊಂದು ತನ್ನನ್ನೇ ಕರೆದರೆಂದು ಓಡುವುದನ್ನು ನಿಲ್ಲಿಸಿತು.